ಮಾಸ್ತರದ್ದಲ್ಲದ ಪದಬಂಧ

ಯಲ್ಲಾಪುರದ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತ ಕೂತಾಗ ಕೈಗೆ ಸಿಕ್ಕಿದ್ದು ಒಂದು ಹಳೆಯ ವಾರಪತ್ರಿಕೆ. ಮುಖಪುಟ ಹರಿದುಹೋಗಿತ್ತು. ಹಿಂದಿನ ಪುಟದಲ್ಲೊಂದು ಪದಬಂಧ. ನನಗಿಂತ ಮೊದಲು ಅಲ್ಲಿ ಕೂತಿದ್ದ ಯಾರೋ ನೀಲಿ ಬಾಲ್‌ಪೆನ್ನಿನಲ್ಲಿ ಅದನ್ನು ತುಂಬಲು ಹೊರಟಿದ್ದರು. ಮೊದಲ ಸಾಲು ಸಲೀಸಾಗಿ ಹೋಗಿತ್ತು. ಎರಡನೆಯದರಲ್ಲಿ ಒಂದು ಪದ ತಪ್ಪಿತ್ತು. ತಪ್ಪಿದ್ದು ಗೊತ್ತಾದ ಮೇಲೂ ಅದನ್ನು ಬಿಡಲು ಮನಸ್ಸಾಗದೆ, ಅದಕ್ಕೆ ಹೊಂದುವಂತೆ ಮೇಲಿನಿಂದ ಕೆಳಗೆ ಬರುವ ಪದವನ್ನೇ ಎಳೆದಾಡಿದ್ದರು. ಸರಿಯಿದ್ದ ಅಕ್ಷರದ ಮೇಲೆ ತಪ್ಪು ಅಕ್ಷರ ತೀಡಿ ತೀಡಿ ಕಾಗದ ತೂತಾಗಿತ್ತು. ಆಮೇಲೆ ಸಿಟ್ಟು ಬಂದಿರಬೇಕು. ಉಳಿದ ಮನೆಗಳ ಮೇಲೆ ಅಡ್ಡಗೆರೆ ಗೀಚಿ ಎದ್ದುಹೋಗಿದ್ದರು.

ನನಗೆ ನಗು ಬರಬೇಕಿತ್ತು. ಬಂದಿದ್ದು ನಮ್ಮ ಕನ್ನಡ ಮಾಸ್ತರ ನೆನಪು...

ತೊಂಬತ್ತರ ದಶಕದ ಮೊದಲ ವರ್ಷಗಳು. ಸಿದ್ದಾಪುರದಲ್ಲಿ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ಮಾಸ್ತರು ನಮಗೆ ಕನ್ನಡ ಕಲಿಸುತ್ತಿದ್ದರು. ಒಣಕಲು ಮೈ, ಇಸ್ತ್ರಿ ಇಲ್ಲದ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನಿನ ಬದಲು ಪೆನ್ಸಿಲ್ಲು. ಅದರ ತುದಿಯನ್ನು ಬ್ಲೇಡಿನಿಂದ ಸೂಜಿಯಷ್ಟು ಚೂಪಾಗಿ ಕೆತ್ತಿರುತ್ತಿದ್ದರು. ಪ್ರೀತಿಯ ಮಾಸ್ತರು ಎಂದು ಅವರನ್ನು ಯಾರೂ ಕರೆದಿದ್ದಿಲ್ಲ. ನಾಲಿಗೆ ಖಾರ. ಕಾಗುಣಿತ ತಪ್ಪಿದವರನ್ನು ನಿಲ್ಲಿಸಿ, ಆ ತಪ್ಪನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಹುಡುಗಿಯರು ಅಳುತ್ತಿದ್ದರು. ಮಾಸ್ತರು ಅಳು ಮುಗಿಯುವ ತನಕ ಕಾದು ಪಾಠ ಮುಂದುವರಿಸುತ್ತಿದ್ದರು.

ಶನಿವಾರದ ಕೊನೆಯ ಪೀರಿಯಡ್ ಮಾತ್ರ ಬೇರೆ. ಅಂದು ಬೋರ್ಡಿನ ಮೇಲೆ ಚೌಕ ಎಳೆದು ತಾವೇ ಕಟ್ಟಿದ ಪದಬಂಧ ಹಾಕುತ್ತಿದ್ದರು. ಒಮ್ಮೆ 'ಅಳುವಾಗ ಬರುವುದು, ಮೂರು ಮನೆ' ಎಂಬ ಸುಳಿವು ಕೊಟ್ಟರು. ನಾನು ಕೈ ಎತ್ತಿದವಳೇ, ಅವರು ಕರೆಯುವ ಮೊದಲೇ ಓಡಿಹೋಗಿ 'ಕಣ್ಣೀರು' ಎಂದು ಬರೆದೆ. ಮಾಸ್ತರು ಮುಂದಿನ ಸುಳಿವು ಓದಿದರು. ಮುಂದಿನವರು ಬಂದರು. ನಡುವಿನ ಮನೆಯಿಂದ ಕೆಳಗಿಳಿಯುವ ಪದಕ್ಕೆ 'ಬಳಪ' ಎಂದು ಉತ್ತರ. ನನ್ನ 'ಣ್ಣೀ' ಅಲ್ಲಿ ಕಲ್ಲಿನ ಹಾಗೆ ಕೂತಿತ್ತು. ನಾನು ಬಳಪ ತಪ್ಪು ಎಂದು ವಾದ ಮಾಡಿದೆ.

"ಬಳಪ ಎಂತಕ್ಕೆ ತಪ್ಪು?" ಮಾಸ್ತರು ಕೇಳಿದರು.

"ಕಣ್ಣೀರು ಸರಿ ಇದ್ದು, ಅದ್ಕೆ."

"ಕಣ್ಣೀರು ಸರಿ ಹೇಳಿ ಯಾರು ಹೇಳಿದ್ದು ನಿಂಗೆ? ಮೊದಲು ಬಂತು, ಅಷ್ಟೇಯ. ಮೊದಲು ಬಂದಿದ್ದಕ್ಕೂ ಸರಿ ಇಪ್ಪದಕ್ಕೂ ಸಂಬಂಧ ಇಲ್ಲೆ." ಬಟ್ಟೆ ತೆಗೆದುಕೊಂಡು ನನ್ನ ಪದ ಒರೆಸಿ 'ಕಂಬನಿ' ಎಂದು ಬರೆದರು. ಬಳಪ ತನ್ನ ಜಾಗದಲ್ಲಿ ಇಳಿಯಿತು.

ಕ್ಲಾಸಿನಲ್ಲಿ ಗ್ರಂಥದ ಕನ್ನಡವನ್ನೇ ಆಡುತ್ತಿದ್ದ ಅವರು ಮನೆಮಾತಿಗೆ ಇಳಿಯುತ್ತಿದ್ದುದು ಶನಿವಾರ ಒಂದೇ ದಿನ. ಅದಕ್ಕೇ ಇರಬೇಕು, ಅಂದು ಬೈಸಿಕೊಂಡರೂ ನನಗೆ ಬೇಜಾರಾಗಲಿಲ್ಲ.

ನಿವೃತ್ತರಾದ ಮೇಲೆ ಅವರು ಶಿರಸಿಯ ಒಂದು ವಾರಪತ್ರಿಕೆಗೆ ಪದಬಂಧ ಕಟ್ಟಿಕೊಡಲು ಶುರುಮಾಡಿದರು. 'ಮನೆ ತುಂಬಿಸಿ' ಎಂದು ಹೆಸರು. ಕೆಳಗೆ 'ರಚನೆ' ಎಂದು ಅವರ ಹೆಸರು. ಸುತ್ತಲ ಮೂರು ತಾಲೂಕಿನಿಂದ ಉತ್ತರಗಳು ಕಾರ್ಡಿನಲ್ಲಿ ಬರುತ್ತಿದ್ದವು. ಸರಿ ಉತ್ತರ ಬರೆದವರ ಹೆಸರು ಹಾಕುವುದು ಎಲ್ಲ ಪತ್ರಿಕೆಯವರೂ ಮಾಡುವ ಕೆಲಸ. ಮಾಸ್ತರಿಗೆ ಸರಿ ಬರೆದವರಲ್ಲಿ ಆಸಕ್ತಿಯೇ ಇರಲಿಲ್ಲ. ತಪ್ಪಿದವರ ಕಾರ್ಡುಗಳನ್ನು ಮನೆಗೊಯ್ದು ಒಂದೊಂದನ್ನೇ ಓದಿ, ಉತ್ತರದ ಪಕ್ಕದಲ್ಲಿ 'ಎಲ್ಲಿ ಎಡವಿದಿರಿ?' ಎಂದು ಒಂದಿಷ್ಟು ಸಾಲು ಬರೆಯುತ್ತಿದ್ದರು.

ಜನ ಪದಬಂಧಕ್ಕಿಂತ ಮೊದಲು ಅದನ್ನು ಓದುತ್ತಿದ್ದರು. ಸುಳಿವು 'ಹೋದನು' ಎಂದು ಇದ್ದರೆ ಉತ್ತರದಲ್ಲೂ ಹೋಗಿ ಆಗಿರಬೇಕು, ಇನ್ನೂ ಹೊರಡುತ್ತಿರಬಾರದು ಎಂದು ಒಂದು ವಾರ. ಒತ್ತಕ್ಷರವನ್ನು ಸೀಳಿ ಎರಡು ಮನೆಗೆ ಹಂಚಿದವರಿಗೆ ಇನ್ನೊಂದು ವಾರ. ಅರ್ಧ ಸುಳಿವು ಓದಿ ಪೆನ್ನು ಎತ್ತಿದವರನ್ನಂತೂ ಅವರು ಬಿಡುತ್ತಲೇ ಇರಲಿಲ್ಲ. 'ಪ್ರಶ್ನೆ ಕೇಳುವ ಪದ' ಎಂಬುದಕ್ಕೆ ನಮ್ಮ ಸೀಮೆಯ ಅರ್ಧಕ್ಕರ್ಧ ಜನ 'ಎಂತ' ಎಂದು ಬರೆದಾಗ, 'ಎನಗೂ ಮೊದಲು ಬಂದಿದ್ದು ಅದೇ, ಆದರೆ ಅಡ್ಡ ಬರುವ ಪದ ಒಪ್ಪಲಿಲ್ಲ' ಎಂದು ಬರೆದಿದ್ದರು. ತೋಚಿದ ಪದವನ್ನು ಶಾಯಿಯಲ್ಲಿ ಬರೆಯುವುದು ಅವರ ಪ್ರಕಾರ ಎಲ್ಲಕ್ಕಿಂತ ದೊಡ್ಡ ತಪ್ಪು. ಶಾಯಿಯಲ್ಲಿ ಬರೆದವನು ಆಮೇಲೆ ಪದಬಂಧ ಬಿಡಿಸುವುದಿಲ್ಲ, ತಾನು ಬರೆದದ್ದನ್ನು ಕಾಯುತ್ತಾನೆ, ಎನ್ನುತ್ತಿದ್ದರು.

ಹೆಸರು ಹಾಕದಿದ್ದರೂ ಯಾರ ತಪ್ಪೆಂದು ಊರಿಗೆ ಗೊತ್ತಾಗಿಬಿಡುತ್ತಿತ್ತು. ಸಿಟ್ಟಾದವರಿದ್ದರು. ಆದರೆ ಬಸ್ಸಿನಲ್ಲಿ ಅವರಿಗೆ ಜಾಗ ಬಿಟ್ಟುಕೊಟ್ಟು 'ಮಾಸ್ತರೇ, ಮೇಲಿನಿಂದ ಕೆಳಗೆ ಆರನೇದು ಎಂತದು?' ಎಂದು ಕೇಳುವವರೇ ಹೆಚ್ಚು. ಅವರು ಹೇಳುತ್ತಿರಲಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದರು. ಆ ಹೊತ್ತಿಗೆ ಮುಖದಲ್ಲಿ ಒಂದು ಖುಷಿ ಇರುತ್ತಿತ್ತು... ಕ್ಲಾಸಿನಲ್ಲಿ ನಾವೆಂದೂ ಕಾಣದ ಖುಷಿ.

ಓದು ಮುಗಿಸಿ, ಕಂಪ್ಯೂಟರಿನಲ್ಲಿ ಪುಟ ಕಟ್ಟುವುದನ್ನು ಕಲಿತು, ನಾನು ಸೇರಿಕೊಂಡದ್ದು ಅದೇ ಪತ್ರಿಕೆಯ ಕಚೇರಿಗೆ. ಶಿರಸಿಯಲ್ಲಿ ರೂಮು ಮಾಡಿದ್ದೆ. ಪ್ರತಿ ಮಂಗಳವಾರ ಮಾಸ್ತರು ಸಿದ್ದಾಪುರದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಗ್ರಾಫ್ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಎಳೆದ ಚೌಕಗಳು, ಕಪ್ಪು ಮನೆಗಳಿಗೆ ಓರೆಗೆರೆ. ನಾನು ಅದನ್ನು ಕಂಪ್ಯೂಟರಿನಲ್ಲಿ ಕೂಡಿಸಿ ಪ್ರಿಂಟ್ ತೆಗೆದುಕೊಟ್ಟರೆ, ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು, ತಮ್ಮದೇ ಪದಬಂಧವನ್ನು ಮೊದಲ ಸಲ ನೋಡುವವರ ಹಾಗೆ ಬಿಡಿಸುತ್ತಿದ್ದರು. ಎಲ್ಲಾದರೂ ಸಿಕ್ಕಿಕೊಂಡರೆ ಹುಬ್ಬು ಗಂಟಿಕ್ಕುತ್ತಿದ್ದರು.

"ನೀವೇ ಮಾಡಿದ್ದಲ್ದಾ ಮಾಸ್ತರೇ, ಗೊತ್ತಿರ್ತಲಾ," ಎಂದು ನಾನೊಮ್ಮೆ ನಕ್ಕೆ.

"ಮಾಡಿದವಂಗೆ ತಪ್ಪು ಕಾಣ್ತಿಲ್ಲೆ ಕೂಸೇ. ತುಂಬುವವಂಗೆ ಕಾಣ್ತು. ಅದ್ಕೇ ಆನು ಈಗ ತುಂಬುವವ."

ಹಾಗೆ ತಮ್ಮದೇ ತಪ್ಪು ಸಿಕ್ಕಿದ ದಿನ ಅವರು ಬಹಳ ಹೊತ್ತು ಕೂರುತ್ತಿದ್ದರು. ಒಂದು ಪದ ಬದಲಿಸಿದರೆ ಅದಕ್ಕೆ ತಾಗಿದ ಎಲ್ಲವೂ ಅಲುಗುತ್ತದೆ. ಮಧ್ಯಾಹ್ನದ ಬಸ್ಸು ತಪ್ಪುತ್ತಿತ್ತು. ನನಗೆ ಬೇರೆ ಪುಟದ ಕೆಲಸವಿದ್ದರೂ ಎದ್ದೇಳಿ ಎನ್ನಲು ಮನಸ್ಸು ಬರುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪತ್ರಿಕೆಯ ಪುಟಗಳು ಹೆಚ್ಚಿದವು, ಜಾಹೀರಾತೂ ಹೆಚ್ಚಿತು. ಮೊದಲು ಹೋಗಿದ್ದು 'ಎಲ್ಲಿ ಎಡವಿದಿರಿ?' ಆ ಜಾಗದಲ್ಲಿ ಸೀರೆ ಅಂಗಡಿಯ ಜಾಹೀರಾತು ಬಂತು. ಮುಂದಿನ ವಾರ ಮತ್ತೆ ಹಾಕೋಣ ಎಂದರು ಸಂಪಾದಕರು. ಆ ಮುಂದಿನ ವಾರ ಬರಲೇ ಇಲ್ಲ. ಮಾಸ್ತರು ಒಂದೆರಡು ಸಲ ಕೇಳಿ ಬಿಟ್ಟರು. ಕಾರ್ಡುಗಳನ್ನು ಮನೆಗೊಯ್ಯುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಒಂದು ದಿನ ಬೆಂಗಳೂರಿನಿಂದ ಸಿ.ಡಿ. ಬರಲು ಶುರುವಾಯಿತು. ಅದರಲ್ಲಿ ವಾರಭವಿಷ್ಯ, ಅಡುಗೆ, ಆರೋಗ್ಯ, ಚುಟುಕು, ಪದಬಂಧ ಎಲ್ಲವೂ ಸಿದ್ಧ. ಪುಟಕ್ಕೆ ಅಂಟಿಸಿದರಾಯಿತು. ಅದೇ ವಾರ ಮಾಸ್ತರಿಗೆ ಜ್ವರ ಬಂದು, ಅವರ ಕಾಗದ ಕಂಡಕ್ಟರ ಕೈಯಲ್ಲಿ ತಡವಾಗಿ ತಲುಪಿತು. ಸಂಪಾದಕರು ಸಿ.ಡಿ.ಯದ್ದನ್ನೇ ಹಾಕು ಎಂದರು.

"ಹೆಸರು ತೆಗೀಲಾ ಸಾರ್?" ಎಂದು ಕೇಳಿದೆ.

"ಬ್ಯಾಡ. ಮಾಸ್ತರ ಹೆಸರು ಇರ್ಲಿ. ಜನಕ್ಕ ರೂಢಿ ಆಗೇತಿ."

"ಮಾಸ್ತರಿಗೆ ಹೇಳಿದ್ರಾ?"

"ಹೇಳೂಣಂತ," ಎಂದರು. ಹೇಳಲಿಲ್ಲ. ಮರುವಾರವೂ ಸಿ.ಡಿ.ಯದ್ದೇ. ಅದರ ಮರುವಾರವೂ...

ಜ್ವರ ಬಿಟ್ಟ ಮೇಲೆ ಮಾಸ್ತರು ಪೇಪರ್ ಬಿಡಿಸಿ ನೋಡಿದ್ದಾರೆ. ತಾವಿಟ್ಟ ಶೀರ್ಷಿಕೆ, ತಮ್ಮ ಹೆಸರು, ನಡುವೆ ಯಾರೋ ಕಟ್ಟಿದ ಮನೆಗಳು. ಅದರಲ್ಲಿ ಸಿನೆಮಾ ನಟಿಯರ ಹೆಸರು, ಕ್ರಿಕೆಟ್ ಆಟಗಾರರ ಹೆಸರು. ಹೆಸರುಗಳನ್ನು ಅವರು ತಮ್ಮ ಪದಬಂಧದಲ್ಲಿ ಸೇರಿಸಿದವರೇ ಅಲ್ಲ. ಹೆಸರು ಗೊತ್ತಿದ್ದವನಿಗೆ ಗೊತ್ತು, ಗೊತ್ತಿಲ್ಲದವನು ಎಷ್ಟು ಯೋಚಿಸಿದರೂ ಬರುವುದಿಲ್ಲ, ಅದು ಬಿಡಿಸುವವನಿಗೆ ಮಾಡುವ ಅನ್ಯಾಯ ಎಂಬುದು ಅವರ ಲೆಕ್ಕ.

ಆ ಭಾನುವಾರ ನಾನು ಊರಿಗೆ ಹೋಗಿದ್ದೆ. ಸಿದ್ದಾಪುರ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅವರು ನನ್ನನ್ನು ಕಂಡು, ಎದುರು ಕೂರಿಸಿಕೊಂಡು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಷ್ಟರಲ್ಲಿ ಬಟ್ಟೆ ಅಂಗಡಿಯವರೊಬ್ಬರು ಹತ್ತಿರ ಬಂದು ನಿಂತರು. ವರ್ಷಗಟ್ಟಲೆ ಕಾರ್ಡು ಬರೆದವರು, ತಪ್ಪು ಬರೆದು ಬೈಸಿಕೊಂಡವರು.

"ಮಾಸ್ತರೇ, ಈಚೀಚೆದು ಭಾರೀ ಚೊಲೋ ಬತ್ತಾ ಇದ್ದು. ಕುಂತಲ್ಲೇ ಮುಗಿದೋಗ್ತು. ಹೀಂಗೇ ಮಾಡಿ."

"ಅದು ಆನು ಮಾಡಿದ್ದಲ್ಲ," ಎಂದರು ಮಾಸ್ತರು.

"ಹೆಸರು ನಿಮ್ಮದೇ ಇದ್ದಲಾ!"

"ಹೆಸರು ಎನ್ನದು. ಪದಬಂಧ ಎನ್ನದಲ್ಲ."

ಅಂಗಡಿಯವರು ಜೋರಾಗಿ ನಕ್ಕರು. "ಮಾಸ್ತರದ್ದು ಬಾಯಿ ಬಿಟ್ರೆ ಒಗಟೇಯ," ಎಂದು ಪಕ್ಕದ ಮೇಜಿನವರಿಗೂ ಹೇಳಿ ಹೋದರು.

ಅಂಥವರು ಅವರೊಬ್ಬರೇ ಆಗಿರಲಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲ ಕಡೆ ಅದೇ ಮಾತು. ಈಗ ಚೆನ್ನಾಗಿದೆ, ಸುಲಭವಾಗಿದೆ, ಮೊದಲಿನ ಹಾಗೆ ತಲೆ ತಿನ್ನುವುದಿಲ್ಲ. ಮೊದಮೊದಲು ಮಾಸ್ತರು ಅಲ್ಲ, ಅಲ್ಲ ಎಂದು ತಿದ್ದುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಇಷ್ಟು ವರ್ಷ ತಾವು ಕಟ್ಟಿದ್ದನ್ನು ಬಿಡಿಸಿದ ಜನಕ್ಕೆ ತಮ್ಮ ಸುಳಿವಿಗೂ ಇನ್ನೊಬ್ಬರ ಸುಳಿವಿಗೂ ವ್ಯತ್ಯಾಸ ತಿಳಿಯಲಿಲ್ಲ ಎಂಬುದು ಅವರಿಗೆ ಎಷ್ಟು ನಾಟಿತ್ತೋ... ಕಡೆಕಡೆಗೆ 'ಹೌದಾ' ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರಂತೆ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಒಂದು ವಾರದ ಉತ್ತರದಲ್ಲಿ, ಶಾಲೆಗೆ ಹೋಗುವವನು ಎಂಬ ಸುಳಿವಿಗೆ 'ವಿಧ್ಯಾರ್ಥಿ' ಎಂದು ಅಚ್ಚಾಯಿತು. 'ದ್ಯಾ' ಇರಬೇಕಾದಲ್ಲಿ ಹೊಟ್ಟೆ ಸೀಳಿದ 'ಧ್ಯಾ'. ಅಚ್ಚಿನ ದೋಷವಲ್ಲ. ಆ ಮನೆಯಿಂದ ಕೆಳಗೆ 'ಧ್ಯಾನ' ಇಳಿಯುತ್ತಿತ್ತು. ಕಟ್ಟಿದವನಿಗೆ ಧ್ಯಾನ ಬೇಕಾಗಿತ್ತು, ಅದಕ್ಕೆ ವಿದ್ಯಾರ್ಥಿಯ ಅಕ್ಷರ ಕೆಡಿಸಿದ್ದ. ಪಕ್ಕದ ಪದಕ್ಕೆ ಹೊಂದಿಸಲು ಅಕ್ಷರ ತಿರುಚುವವರನ್ನು ಮಾಸ್ತರು ಜನ್ಮವಿಡೀ ಬೈದಿದ್ದರು. ಈಗ ಅದೇ ತಪ್ಪಿನ ಕೆಳಗೆ ಅವರ ಹೆಸರು.

ನಂದೊಳ್ಳಿಯಿಂದ ಅವರ ಹಳೆಯ ವಿದ್ಯಾರ್ಥಿಯೊಬ್ಬನ ಕಾರ್ಡು ಬಂತು. 'ಮಾಸ್ತರೇ, ಇದೇ ಪದ ತಪ್ಪು ಬರೆದದ್ದಕ್ಕೆ ನೀವು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದಿರಿ. ಈಗ ಯಾರು ನಿಲ್ಲಬೇಕು?' ಎಂದು ಬರೆದಿದ್ದ.

ಮಾಸ್ತರು ಅದನ್ನು ಕಿಸೆಯಲ್ಲಿಟ್ಟುಕೊಂಡು ಕಚೇರಿಗೆ ಬಂದರು. ಮಂಗಳವಾರವಲ್ಲದ ದಿನ ಅವರು ಬಂದದ್ದು ಅದೊಂದೇ ಸಲ ಇರಬೇಕು. ಸಂಪಾದಕರು ಎದ್ದು ನಿಂತು ಬರಮಾಡಿಕೊಂಡರು. ಅವರು ಕೆಟ್ಟವರೆಂದು ನಾನು ಈಗಲೂ ಹೇಳಲಾರೆ. ನಗುಮುಖದವರು, ಎಲ್ಲರಿಗೂ ಬೇಕಾದವರು.

"ಬರ್ರಿ ಮಾಸ್ತರ್ರೇ, ಕುಂದರ್ರಿ. ಚಾ ತರಸ್ತೀನಿ."

"ಚಾ ಬೇಡ. ಈ ಪದಬಂಧ ನನ್ನದಲ್ಲ ಅಂತ ಒಂದು ಸಾಲು ಹಾಕಿ. ಅಷ್ಟೇ ಕೇಳೋಕೆ ಬಂದೆ."

"ಹಂಗ ಹಾಕಿದ್ರ ಜನ ಏನಂತಾರ್ರಿ? ಇಷ್ಟು ದಿವಸ ಸುಳ್ಳು ಹೆಸರು ಹಾಕಿದ್ರು ಅಂತಾರ."

"ಹಾಕಿದ್ದು ಸುಳ್ಳೇ ಅಲ್ಲವಾ?"

ಸಂಪಾದಕರ ನಗು ಮಾಸಲಿಲ್ಲ. "ನಿಮ್ಮ ಮ್ಯಾಲಿನ ಗೌರವಕ್ಕ ಇಟ್ಟೀನ್ರಿ. ನಿಮ್ಮ ಹೆಸರು ನೋಡಿ ಪೇಪರ್ ತಗೊಳ್ಳೋರು ಅದಾರ."

"ವಿದ್ಯಾರ್ಥಿ ಅಂತ ಬರೆಯೋಕೆ ಬಾರದವ ಅಂತ ನನ್ನ ಮಕ್ಕಳೇ ತಿಳಕೊಂಡಿದ್ದಾರೆ." ಮಾಸ್ತರು ಕಾರ್ಡನ್ನು ಮೇಜಿನ ಮೇಲಿಟ್ಟರು. ಮಕ್ಕಳು ಎಂದು ಅವರು ಹೇಳಿದ್ದು ತಾವು ಕಲಿಸಿದವರನ್ನು.

ಸಂಪಾದಕರು ಅದನ್ನು ಓದಿ ಮೆಲ್ಲಗೆ ಹಿಂದಕ್ಕೆ ಸರಿಸಿದರು. "ಒಬ್ಬ ಬರದಾನ್ರಿ. ಉಳಿದೋರಿಗೆ ಅದು ತಪ್ಪಂತ ಗೊತ್ತೇ ಆಗಿಲ್ಲ. ಯಾಕ ಸುಮ್ನ ಎಬ್ಬಸ್ತೀರಿ?"

ನಾನು ಅಲ್ಲೇ ಕಂಪ್ಯೂಟರಿನ ಎದುರು ಕೂತಿದ್ದೆ. ಮಾಸ್ತರ ಮುಖ ನೋಡಿದೆ. ಹೆಸರು ಉಳಿಸಿಕೊಂಡದ್ದಕ್ಕಿಂತ, ಅಕ್ಷರ ಕೆಡಿಸಿದ್ದಕ್ಕಿಂತ, ಆ ಮಾತು ಅವರನ್ನು ಹೊಡೆದಿತ್ತು. ಅದು ನಿಜವಾಗಿತ್ತು. ಕಾರ್ಡನ್ನು ಮತ್ತೆ ಕಿಸೆಗೆ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದು ಹೋದರು.

ಆ ವಾರ ಪುಟ ಅಚ್ಚಿಗೆ ಹೋಗುವ ಮೊದಲು ನಾನು ಪದಬಂಧದ ಕೆಳಗಿನ ಅವರ ಹೆಸರನ್ನು ತೆಗೆದುಹಾಕಿದೆ. ಸಂಪಾದಕರು ಬೈಯುತ್ತಾರೆಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಬೈಯಲಿಲ್ಲ. ಅವರು ನೋಡಿರಲೇ ಇಲ್ಲ. ಯಾವ ಓದುಗನೂ ಕೇಳಲಿಲ್ಲ. ಕೆಲವು ವಾರ ಕಳೆದ ಮೇಲೆ ಇನ್ನೇನೋ ಹುಡುಕುವಾಗ ಸಂಪಾದಕರ ಕಣ್ಣಿಗೆ ಬಿದ್ದು, ವಾಪಸು ಹಾಕು ಎಂದರು. ನೀವೇ ಹಾಕಿಕೊಳ್ಳಿ ಎಂದು ನಾನು ಕೆಲಸ ಬಿಟ್ಟೆ. ನನ್ನ ಖುರ್ಚಿಗೆ ಬೇರೆಯವರು ಬಂದರು, ಹೆಸರೂ ತನ್ನ ಜಾಗಕ್ಕೆ ಬಂತು.

ಊರಿಗೆ ಹೋದಾಗ ಮಾಸ್ತರ ಮನೆಗೆ ಹೋದೆ. ಮೆಚ್ಚಿಕೊಳ್ಳುತ್ತಾರೆ ಎಂಬ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ಅವರು ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಪೇಪರ್ ತರಿಸುವುದನ್ನೇ ನಿಲ್ಲಿಸಿದ್ದರಂತೆ. ಹೆಸರಿಲ್ಲದೆ ಬಂದ ಆ ಸಂಚಿಕೆಗಳನ್ನು ನೋಡಬೇಕಾದವರು ಅವರೊಬ್ಬರೇ ಆಗಿದ್ದರು. ಅವರೂ ನೋಡಿರಲಿಲ್ಲ.

"ಮಾಸ್ತರೇ, ಆನು ನಿಮ್ಮ ಹೆಸರು ತೆಗದಿ," ಎಂದೆ.

ಅವರು ನನ್ನ ಕಡೆ ತಿರುಗಿದರು. "ತೆಗೆದ್ದು ಎಂತಕ್ಕೆ? ತಪ್ಪಾತು ಹೇಳಿ ಹಾಕವಾಗಿತ್ತು. ಅಳಿಸಿದ್ರೆ ತಿದ್ದಿದಾಂಗೆ ಆಗ್ತಿಲ್ಲೆ."

ಬೈಗುಳವೂ ಅಲ್ಲ, ಸಮಾಧಾನವೂ ಅಲ್ಲ. ಅವರ ಹೆಂಡತಿ ಒಳಗಿನಿಂದ ಕಷಾಯ ತಂದು ಕೊಟ್ಟರು. ಅದನ್ನು ಕುಡಿದು ಎದ್ದು ಬಂದೆ. ಆಮೇಲೆ ಮದುವೆಯಾಗಿ ಯಲ್ಲಾಪುರಕ್ಕೆ ಬಂದೆ. ಮತ್ತೆ ಅವರನ್ನು ಕಾಣಲಿಲ್ಲ...

ಅವರು ತೀರಿಕೊಂಡ ಸುದ್ದಿ ತಿಳಿದದ್ದು ಅದೇ ವಾರಪತ್ರಿಕೆಯಿಂದ. ಒಳಪುಟದಲ್ಲಿ ದೊಡ್ಡ ಫೋಟೊ. ಕೊನೆಯ ಉಸಿರಿನವರೆಗೂ ಪದಬಂಧ ರಚಿಸಿ ಓದುಗರನ್ನು ರಂಜಿಸಿದರು ಎಂದು ಸಂಪಾದಕರು ಬರೆದಿದ್ದರು. ಕೆಳಗೆ, ಗೌರವಾರ್ಥವಾಗಿ ಎಂದು, ಅವರ ಹೆಸರಿನ ಒಂದು ಪದಬಂಧವನ್ನು ಮತ್ತೆ ಅಚ್ಚುಹಾಕಿದ್ದರು. ನಾನು ಸುಳಿವುಗಳ ಮೇಲೆ ಕಣ್ಣಾಡಿಸಿದೆ. ನಾಲ್ಕನೆಯದರಲ್ಲೇ ಒಬ್ಬ ಸಿನೆಮಾ ನಟಿ. ಕಂಪ್ಯೂಟರಿನಲ್ಲಿ ಮಾಸ್ತರ ಹೆಸರು ಹುಡುಕಿ, ಮೊದಲು ಸಿಕ್ಕಿದ್ದನ್ನು ತೆಗೆದು ಹಾಕಿದ್ದರು. ನಾನು ಸಂಪಾದಕರಿಗೆ ಪತ್ರ ಬರೆದೆ, ಅದು ಅಚ್ಚಾಗಲಿಲ್ಲ.

ಆಮೇಲೆ ಅವರ ನಿಜವಾದ ಪದಬಂಧ ಒಂದಾದರೂ ಸಿಗಬಹುದೆಂದು ಬಹಳ ಕಡೆ ಕೇಳಿದೆ. ಪತ್ರಿಕೆ ಕಚೇರಿ ಬದಲಿಸುವಾಗ ಹಳೆಯ ಸಂಚಿಕೆಗಳ ಕಟ್ಟುಗಳನ್ನು ರದ್ದಿಗೆ ಹಾಕಿತ್ತು. ವಾಚನಾಲಯದವರು ವರ್ಷ ಕಳೆದ ವಾರಪತ್ರಿಕೆ ಇಡುವುದಿಲ್ಲ. ಮಾಸ್ತರ ಗ್ರಾಫ್ ಕಾಗದಗಳಂತೂ, ಅಚ್ಚಾದ ಮರುದಿನವೇ ಬಚ್ಚಲ ಒಲೆಗೆ ಹೋಗುತ್ತಿದ್ದವು. ಬಿಡಿಸಿ ಆದಮೇಲೆ ಅದರಲ್ಲಿ ಎಂತ ಇದ್ದು ಎನ್ನುತ್ತಿದ್ದರು. ಹೊತ್ತು ಹೋಗಲೆಂದು ತುಂಬಿ ಎಸೆಯುವ ವಸ್ತುವನ್ನು ಯಾರು ತೆಗೆದಿಡುತ್ತಾರೆ? ನಾನೇ ಒಂದನ್ನೂ ಇಟ್ಟುಕೊಂಡಿಲ್ಲ.

ಈ ವರ್ಷ ಕಾನಸೂರಿಗೆ ಒಂದು ಉಪನಯನಕ್ಕೆ ಹೋದವಳು, ಮಾಸ್ತರ ಮಗಳ ಮನೆ ಅಲ್ಲೇ ಎಂದು ತಿಳಿದು ಹೊಕ್ಕು ಬಂದೆ. ನಡುಮನೆಯಲ್ಲಿ ಮಾಸ್ತರ ಫೋಟೊ. ಅದರ ಕೆಳಗೆ, ಗಾಜು ಹಾಕಿಸಿ ಕಟ್ಟು ಕಟ್ಟಿಸಿದ, ಗೌರವಾರ್ಥ ಎಂದು ಅಚ್ಚಾಗಿದ್ದ ಆ ಪದಬಂಧದ ಪುಟ. ಕಾಗದ ಹಳದಿಯಾಗಿದೆ, ಮನೆಗಳು ಖಾಲಿ ಇವೆ.

"ಅಪ್ಪಯ್ಯ ಕಡೇಗೆ ಮಾಡಿದ್ದು," ಎಂದಳು ಮಗಳು. "ಎನ್ನ ಮಗ ಇದನ್ನ ಬೇರೆ ಹಾಳೆ ಮೇಲೆ ಬರ್ಕಂಡು ಪೂರ್ತಿ ಬಿಡಸಿದ್ದ. ಒಂದು ಮಾತ್ರ ಯಾರಿಗೂ ಬತ್ತಿಲ್ಲೆ. ನಾಲ್ಕನೇದು. ನಿಂಗೆ ಗೊತ್ತಿದ್ದಾ?"

ನನಗೆ ಗೊತ್ತಿತ್ತು. ಹೇಳಬೇಕಾದದ್ದು ಬೇರೆಯೇ ಇತ್ತು. ಅವಳು ಸೆರಗಿನ ತುದಿಯಿಂದ ಗಾಜು ಒರೆಸುತ್ತಿದ್ದಳು... ನಾನು ಆ ನಟಿಯ ಹೆಸರು ಹೇಳಿದೆ.

ಅವಳು ಮನೆಗಳನ್ನು ಬೆರಳಲ್ಲಿ ಎಣಿಸಿ ನೋಡಿದಳು. ಸರಿಹೊಂದಿತು. ಮುಖ ಅರಳಿತು.

"ಅಯ್ಯ, ಅಪ್ಪಯ್ಯ ಸಿನೆಮಾ ನೋಡ್ತಿದ್ದ ಹೇಳಿ ಯಂಗಕ್ಕೆ ಗೊತ್ತೇ ಇತ್ತಿಲ್ಲೆ," ಎಂದು ನಗುತ್ತ, ಮಗನನ್ನು ಕೂಗಿ ಕರೆದಳು.